ಜೌಗು ನೆಲದ ಮಗ್ಗ

ಮೆಟ್ಟೂರು ಅಣೆಕಟ್ಟಿನ ನೀರು ನಮ್ಮ ಊರನ್ನು ನುಂಗಿದ ವರ್ಷ, ನನ್ನ ಗಂಡ ಪೊನ್ನುಸ್ವಾಮಿ ಮಹಾರಾಯ ಹುಡುಕಿದ ಹೊಸ ಜಾಗ ಯಾವುದು ಗೊತ್ತೇ? ಕೊಳತ್ತೂರಿನ ಪಕ್ಕದ, ಹೂಳು ತುಂಬಿದ ಹಳೇ ಕೆರೆಯಂಗಳ! ಪುಕ್ಕಟೆ ಜಾಗವೆಂದು ನಾಲ್ಕು ನೇಕಾರ ಮನೆಯವರೂ ಅವನ ಹಿಂದೆ ಬಂದರು. ಗುಡಿಸಲುಗಳು ಎದ್ದವು. ಮಗ್ಗ ಹೂಡಲು ಮಾತ್ರ ಆಗಲಿಲ್ಲ.

ನಮ್ಮದು ಗುಂಡಿ ಮಗ್ಗ. ನೆಲದ ಮೇಲೆ ಕೂತು, ಗುಂಡಿಗೆ ಕಾಲು ಇಳಿಬಿಟ್ಟು ತುಳಿಯಬೇಕು. ಇಲ್ಲೋ, ಮೊಳದಷ್ಟು ಅಗೆದರೆ ನೀರು. ಬೆಳಿಗ್ಗೆ ಮೊಗೆದು ಚೆಲ್ಲಿದರೆ ಮಧ್ಯಾಹ್ನಕ್ಕೆ ಕಪ್ಪೆ! ಪೊಂಗಲ್ ಹಬ್ಬದೊಳಗೆ ಮಗ್ಗ ನಡೆಯದಿದ್ದರೆ ಎಲ್ಲರೂ ಚದುರಿ, ಸೇಲಂನಲ್ಲಿ ಕೂಲಿಗೆ ನೇಯುವುದೆಂದು ತೀರ್ಮಾನವಾಯಿತು. ಊರು ಒಂದು ಸಲ ಮುಳುಗಿದ್ದು ಸಾಲದೇ?

ಆಗ ಬಂದರು, ಸುತ್ತಲ ಹಳ್ಳಿ ತಿರುಗಿ ನಮ್ಮ ಮಾತನ್ನೇ ಕಲಿತಿದ್ದ ಜರ್ಮನಿಯ ಪಾದ್ರಿ, ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು. ನಮ್ಮ ಕೆಸರಲ್ಲಿ ಅದು ಉರುಳಿದರೆ ತಾನೇ?

“ನಮ್ಮೂರೂ ಇಂಗೇ ಅಮ್ಮಾ, ಜೌಗಿನ ಮೇಲೆ ಕಟ್ಟಿದ್ದು,” ಎಂದರು. “ನಮ್ಮ ತಾತ ಕಾಲುವೆ ತೋಡಿ, ಕಪ್ಪು ಮಣ್ಣು ಕೊಯ್ದು, ಒಣಗಿಸಿ ಒಲೆಗೆ ಆಕ್ತಿದ್ರು.”

“ಮಣ್ಣು ಉರೀತೈತಾ?”

“ಬೆರಣಿ ಉರಿದಂಗೆ. ಅಲ್ಲೊಂದು ಮಾತೈತೆ: ಮೊದಲನೇ ತಲೆಮಾರಿಗೆ ಸಾವು, ಎರಡನೇದಕ್ಕೆ ಹಸಿವು, ಮೂರನೇದಕ್ಕೆ ರೊಟ್ಟಿ.”

“ಭಲೇ ಸಮಾಧಾನ! ಮೂರು ತಲೆಮಾರು ಕಾಯಾಕೆ ನಾನೇನು ಆಲದ ಮರಾನಾ?”

ಅತಿಥಿಯನ್ನು ಬೈಯುವ ಹಾಗಿಲ್ಲವಲ್ಲ, ಗಂಡನನ್ನು ಹಿಡಿದೆ. ಜಗಲಿಯ ಮೇಲೆ ಧೊಪ್ಪನೆ ಕೂತು ಅವನ ಜನ್ಮ ಜಾಲಾಡಿದೆ. ಸಿಟ್ಟಿಗೆ ಇಳಿಬಿಟ್ಟ ಕಾಲುಗಳೂ ಒಂದೊಂದಾಗಿ ಗಾಳಿಯನ್ನು ಒದೆಯುತ್ತಿದ್ದವು. ಈ ಮನುಷ್ಯ ನನ್ನ ಮುಖ ಬಿಟ್ಟು ಕಾಲನ್ನೇ ನೋಡುತ್ತಿದ್ದ.

“ಏಯ್ ತಂಗಮ್ಮಾ, ಏಳಬ್ಯಾಡ! ಅಂಗೇ ಬೈತಾ ಇರು!”

“ತಲೆ ಕೆಟ್ಟೈತಾ ನಿಂಗೆ?”

“ಗುಂಡಿ ಯಾಕೆ ತೋಡ್ಬೇಕು? ನೆಲಾನೇ ಎತ್ತರಿಸಿದ್ರೆ ಕಾಲಿಗೆ ಜಾಗ ಸಿಕ್ತೈತಲ್ಲಾ!”

ಎಲ್ಲರೂ ಗುಡ್ಡದಿಂದ ಕಲ್ಲು ಹೊತ್ತೆವು. ಪಾದ್ರಿಯೂ ಹೊತ್ತರು, ನೀರು ಹರಿಯಲು ಕಾಲುವೆ ಎಲ್ಲಿ ತೋಡಬೇಕೆಂದೂ ತೋರಿಸಿದರು. ಮನೆಮನೆಯಲ್ಲೂ ಸೊಂಟದೆತ್ತರದ ಜಗಲಿ ಎದ್ದಿತು, ನಡುವೆ ಕಾಲಿಗೆ ಒಣ ಗುಂಡಿ. ಪೊಂಗಲ್‌ಗೆ ಮುಂಚೆಯೇ ಲಾಳಿ ಓಡಿತು. ನನ್ನ ಗಂಡ ಮೇಲೆ ಕೂತು, “ನಿನ್ನ ಬಾಯಿಂದ ಊರು ಉಳೀತು ಕಣೇ,” ಎಂದು ಛೇಡಿಸಿದ. ನನಗೂ ನಗು ತಡೆಯಲಿಲ್ಲ.

ಹಬ್ಬದ ದಿನ ಪಾದ್ರಿಗೆ ಎಲೆ ಹಾಕಿ ಪೊಂಗಲ್ ಬಡಿಸಿದೆ.

“ಉಣ್ಣಿ ಸಾಮಿ. ನಮ್ಮೂರಲ್ಲಿ ಮೊದಲನೇ ತಲೆಮಾರಿಗೇ ಅನ್ನ!”

ಅವರು ಜೋರಾಗಿ ನಕ್ಕರು. ಆಮೇಲೆ ತುತ್ತು ಕೈಯಲ್ಲೇ ಉಳಿಯಿತು. “ನಮ್ಮ ತಾತ ರೊಟ್ಟಿ ಕಾಣಲಿಲ್ಲ ಅಮ್ಮಾ,” ಎಂದರು.

ನಮ್ಮ ಹಿರಿಯರಿಗೆ ಇಟ್ಟ ಎಡೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಸಿ, ಅವರ ತಾತನಿಗೂ ಬಡಿಸಿದೆ.