ಗುರುವಾರದ ಜಗಲಿ

ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಂಜಣ್ಣ ಓಬವ್ವನ ಗಲ್ಲದ ಕೆಳಗಿಂದ ಬಿಳಿ ಬಟ್ಟೆ ಸುತ್ತಿ, ಹಿಂದಿನ ಕಿಟಕಿಯ ಸರಳಿಗೆ ಕಟ್ಟಿ, ಸ್ವಲ್ಪ ದೂರ ನಿಂತು ನೋಡಿದ. ತಲೆ ಮತ್ತೆ ಎಡಕ್ಕೆ ವಾಲಿತು.

"ಇನ್ನೊಂಚೂರು ಬಿಗಿ ಮಾಡಪ್ಪ ಶಿವು," ಎಂದ.

ತಾಯಿಯ ಹೆಗಲನ್ನು ಗೋಡೆಗೆ ಒತ್ತಿ ಹಿಡಿದಿದ್ದ ಶಿವು ಒಂದು ಕೈ ಬಿಟ್ಟು ಗಂಟನ್ನು ಜಗ್ಗಿದ. ಈ ಸಲ ನಿಂತಿತು. ಹೆಂಗಸರು ಹಣೆಗೆ ವಿಭೂತಿ ಬಳಿದು, ಕೊರಳಿಗೆ ಸೇವಂತಿಗೆ ಹಾರ ಹಾಕಿ, ಊದಿನಕಡ್ಡಿ ಹಚ್ಚುತ್ತಿದ್ದಾಗ ಓಣಿಯ ತಿರುವಿನಲ್ಲಿ ಸ್ಕೂಟಿಯ ಸದ್ದಾಯಿತು. ಬಂದವಳು ಆರೋಗ್ಯ ಕೇಂದ್ರದ ನರ್ಸು ಕಾವ್ಯಶ್ರೀ. ಹೆಗಲಲ್ಲಿ ಲಸಿಕೆಯ ನೀಲಿ ಡಬ್ಬಿ ಇತ್ತು.

ಪ್ರತಿ ಗುರುವಾರ ಇಷ್ಟೊತ್ತಿಗೆ ಓಬವ್ವ ಜಗಲಿ ಸಾರಿಸಿ, ಚಾಪೆ ಹಾಸಿ, ಕುಡಿಯುವ ನೀರಿಟ್ಟು ಕಾಯುತ್ತಿದ್ದಳು. ಇವತ್ತು ಅದೇ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾವ್ಯಶ್ರೀ ಸ್ಕೂಟಿಯ ಮೇಲೆಯೇ ಒಂದು ಗಳಿಗೆ ಕೂತುಬಿಟ್ಟಳು.

"ಬೆಳಗಿನ ಜಾವ," ಎಂದ ಶಿವು, ಅವಳು ಕೇಳುವ ಮೊದಲೇ. "ಎದೆ ಹಿಡ್ಕಂಡಂಗೆ ಆಗ್ತೈತೆ ಅಂದ್ಲು. ನಾನು ಆಟೋ ಸ್ಟಾರ್ಟ್ ಮಾಡೋದ್ರೊಳಗೇ ಹೋಗ್ಬಿಟ್ಲು. ನಿಮಗೆ ಫೋನ್ ಮಾಡ್ಬೇಕು ಅಂತ ಯಾರಿಗೂ ಹೊಳೀಲಿಲ್ಲ ಸಿಸ್ಟರ್."

"ಇವತ್ತು ಗುರುವಾರ ಅನ್ನೋದೇ ಮರ್ತೋತು," ಎಂದ ಮಂಜಣ್ಣ.

ಕಾವ್ಯಶ್ರೀ ಡಬ್ಬಿಯನ್ನು ನೆರಳಿಗಿಟ್ಟು, ಚಪ್ಪಲಿ ಬಿಟ್ಟು ಬಂದು ಕೈ ಮುಗಿದಳು. ಯಾರೋ ಬುಟ್ಟಿಯಿಂದ ಹೂ ಕೊಟ್ಟರು. ಅದನ್ನು ಓಬವ್ವನ ಕಾಲ ಬಳಿ ಹಾಕಿ, ಪಕ್ಕಕ್ಕೆ ಸರಿದು ನಿಂತಳು. ಆಮೇಲೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಓಣಿಯ ಆ ತುದಿಯಲ್ಲಿ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಗುಂಪಾಗಿ ನಿಂತಿದ್ದರು. ಸಾವಿನ ಮನೆಯ ಮುಂದೆ ಎಳೆ ಕೂಸನ್ನು ತರುವಂತಿರಲಿಲ್ಲ. ವಾಪಸು ಹೋಗುವುದಕ್ಕೂ ಅವರಿಗೆ ಮನಸ್ಸಿರಲಿಲ್ಲ. ಕಾಲೋನಿಯ ಕೊನೆಯಲ್ಲಿ ಕಲ್ಲು ಒಡೆಯುವವರ ಶೆಡ್ಡುಗಳಿದ್ದವು. ಅಲ್ಲಿ ಹೋದ ವಾರ ದಡಾರ ಕಾಣಿಸಿಕೊಂಡು, ಒಂದು ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದರು. ಇವತ್ತು ಒಂದು ಕೂಸನ್ನೂ ಬಿಡಬೇಡ ಎಂದು ಡಾಕ್ಟರು ಕಾವ್ಯಶ್ರೀಗೆ ಹೇಳಿ ಕಳಿಸಿದ್ದರು.

*

ಮಾರಮ್ಮನ ಗುಡ್ಡದ ಕಾಲೋನಿ ಚಿತ್ರದುರ್ಗಕ್ಕೆ ಸೇರಿದ್ದೇ ಆದರೂ ಊರಿಗೂ ಅದಕ್ಕೂ ನಡುವೆ ಹೈವೇ ಬಿದ್ದಿತ್ತು. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆಯಿಂದ ಕೂಲಿಗೆ ಬಂದು ನಿಂತವರೇ ಅಲ್ಲಿ ಹೆಚ್ಚು. ಓಬವ್ವ ಬಾಗೂರಿನವಳು. ಗಂಡನ ಜೊತೆ ಕಲ್ಲು ಹೊರಲು ಬಂದವಳು, ಗಂಡ ತೀರಿಕೊಂಡ ಮೇಲೆ ಮನೆಯ ಜಗಲಿಯಲ್ಲೇ ಒಲೆ ಹೂಡಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರಲು ಕೂತಳು. ಶಿವು ಆ ಒಲೆಯ ಪಕ್ಕದಲ್ಲೇ ಬೆಳೆದು ಗೂಡ್ಸ್ ಆಟೋ ಓಡಿಸುವವನಾದ.

ಕೂಸುಗಳಿಗೆ ಚುಚ್ಚಿಸಬೇಕೆಂದರೆ ಹೈವೇ ದಾಟಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕಿತ್ತು. ಹೋದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಬಹಳ ಜನ ಹೋಗುತ್ತಿರಲಿಲ್ಲ. ಕೊರೊನಾ ಮುಗಿದ ಮರುವರ್ಷ ಇದಕ್ಕೊಂದು ದಾರಿ ಹುಡುಕಲು ಮಾರಮ್ಮನ ಗುಡಿಯ ಮುಂದೆ ಸಭೆ ಸೇರಿತು. ಆರೋಗ್ಯ ಕೇಂದ್ರದ ಡಾಕ್ಟರು ಬಂದಿದ್ದರು. ಒಂದು ಸಂಸ್ಥೆಯ ಪರವಾಗಿ ಪ್ರದೀಪ್ ಎಂಬ ಯುವಕ ಬಂದಿದ್ದ. ಗುಡಿ ಕಮಿಟಿಯಿಂದ ಮಂಜಣ್ಣ, ಕೆಳಗಿನ ಓಣಿಯ ಮಸೀದಿಯ ಹಿರಿಯರು, ಮಹಿಳಾ ಸಂಘದವರು ಎಲ್ಲರೂ ಇದ್ದರು. ಲಸಿಕೆ ಇಲಾಖೆಯದು, ಬೆಂಚು, ನೆರಳು ಸಂಸ್ಥೆಯದು, ಮನೆಮನೆಗೆ ಹೇಳಿ ಬರುವುದು ಗುಡಿ, ಮಸೀದಿ, ಸಂಘದವರದು ಎಂದು ಮಾತಾಯಿತು. ಜಾಗ ಯಾರದು ಎಂಬಲ್ಲಿಗೆ ಬಂದಾಗ ಮಾತು ಕಗ್ಗಂಟಾಯಿತು.

"ಗುಡಿಗೆ ಬಾಣಂತೇರು ಬರಂಗಿಲ್ಲ," ಎಂದ ಮಂಜಣ್ಣ.

"ಚುಚ್ಚಿದ್ಮೇಲೆ ಏನಾರ ಹೆಚ್ಚುಕಮ್ಮಿ ಆದ್ರೆ ಮನೆಯವ್ರ ಮೇಲೆ ಬರ್ತೈತೆ. ಯಾರು ಕೊಡ್ತಾರೆ?" ಎಂದಳು ಸಂಘದವಳೊಬ್ಬಳು.

ಹಿಂದಿನಿಂದ ಓಬವ್ವ ಕೇಳಿದಳು: "ಚುಚ್ಚಿದ್ಮೇಲೆ ಎಷ್ಟೊತ್ತು ಕುಂದ್ರಿಸ್ಕಂತೀರಿ?"

"ಅರ್ಧ ಗಂಟೆ. ಕೂಸು ಹೇಗಿದೆ ಅಂತ ನೋಡಿ ಕಳಿಸ್ತೀವಿ," ಎಂದರು ಡಾಕ್ಟರು.

"ಹಂಗಾದ್ರೆ ನನ್ ಜಗಲೀಲಿ ಮಾಡ್ರಿ."

ಪ್ರದೀಪ್ ಎದ್ದು ನಿಂತು ಅವಳ ಸೇವಾ ಮನೋಭಾವವನ್ನು ಹೊಗಳತೊಡಗಿದ. ಓಬವ್ವ ಅವನ ಮಾತನ್ನು ನಡುವೆಯೇ ತಡೆದಳು. "ಸೇವೆ ಗೀವೆ ಏನಿಲ್ಲಪ್ಪ. ಅರ್ಧ ಗಂಟೆ ಸುಮ್ನೆ ಕುಂತ್ರೆ ಬಾಯಿ ಕೇಳ್ತೈತೆ. ನನ್ ಮಂಡಕ್ಕಿ ಖರ್ಚಾಗ್ತೈತೆ."

ಸಭೆಗೆ ಸಭೆಯೇ ನಕ್ಕಿತು. ಅವಳ ಲೆಕ್ಕ ತಪ್ಪಲಿಲ್ಲ. ಗುರುವಾರದ ವ್ಯಾಪಾರ ಭಾನುವಾರದ ವ್ಯಾಪಾರವನ್ನು ಮೀರಿಸಿತು.

*

"ಬಾಗೂರಿಂದ ಸೋದರಮಾವ ಬರೋತಂಕ ಎತ್ತಂಗಿಲ್ಲ," ಎಂದ ಶಿವು. "ಬಸ್ಸಿಗೆ ಹತ್ತೀನಿ ಅಂದ. ಹೊತ್ತು ಮಧ್ಯಾಹ್ನ ಆಗ್ತೈತೆ. ಮುಂದಿನ ವಾರ ಬರ್ರಿ ಸಿಸ್ಟರ್."

"ಮುಂದಿನ ವಾರಕ್ಕೆ ದಡಾರ ಕಾಯಲ್ಲ ಶಿವಣ್ಣ. ಬೇರೆ ಎಲ್ಲಾದ್ರೂ ಜಾಗ ಕೊಡ್ಸಿ."

ಮಂಜಣ್ಣ ತಲೆ ಕೆರೆದುಕೊಂಡ. ಹೆಣ ಎತ್ತುವ ತನಕ ಗುಡಿಯ ಬಾಗಿಲು ತೆಗೆಯುವಂತಿರಲಿಲ್ಲ. ಬಯಲಲ್ಲಿ ಬಿಸಿಲು. ಅಂಗನವಾಡಿಯ ಸೂರನ್ನು ದುರಸ್ತಿಗೆ ಬಿಚ್ಚಿದ್ದರು. ಮಾತಾಡುತ್ತ ಮಾತಾಡುತ್ತ ಅವನ ಕಣ್ಣು ಎದುರು ಮನೆಯ ಮುಚ್ಚಿದ ಬಾಗಿಲಿನತ್ತ ಹೋಗಿ ಬಂತು. ಅಲ್ಲಿದ್ದ ಎಲ್ಲರ ಕಣ್ಣೂ ಬೆಳಗಿನಿಂದ ಹಾಗೆಯೇ ಹೋಗಿ ಬರುತ್ತಿದ್ದವು.

"ಮಹಾದೇವಮ್ಮ ಇನ್ನೂ ಹೊರಗೆ ಬಂದಿಲ್ಲ," ಎಂದಳು ಹೂವಿನ ಬುಟ್ಟಿಯವಳು, ಸಣ್ಣ ದನಿಯಲ್ಲಿ.

"ಬರಲ್ಲ ಬಿಡೇ. ಆಯಮ್ಮನ ಹಟ ಗೊತ್ತಿಲ್ವಾ? ಸತ್ರೂ ಮುಖ ನೋಡಲ್ಲ ಅಂದಿದ್ಲಲ್ಲ," ಎಂದಳು ಪಕ್ಕದವಳು.

*

ಎರಡು ವರ್ಷದ ಹಿಂದಿನ ಮಾತು. ಮಹಾದೇವಮ್ಮನ ಮೊಮ್ಮಗಳು ಅಂಜಲಿಗೆ ಆಗ ಒಂದೂವರೆ ವರ್ಷ. ಬೆಳಿಗ್ಗೆ ಜಗಲಿಯಲ್ಲಿ ಚುಚ್ಚಿಸಿಕೊಂಡ ಮಗುವಿಗೆ ಸಂಜೆಯ ಹೊತ್ತಿಗೆ ಜ್ವರ ಏರಿತು. ನೋಡುತ್ತಿದ್ದಂತೆ ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದು ಅದುರತೊಡಗಿದವು. ಕೂಗು ಕೇಳಿ ಮೊದಲು ಓಡಿದವಳು ಓಬವ್ವ. ಒಲೆಯ ಮೇಲಿನ ಎಣ್ಣೆಯನ್ನು ಹಾಗೇ ಬಿಟ್ಟು, ಮಗುವನ್ನು ಎತ್ತಿಕೊಂಡು ಶಿವುವಿನ ಆಟೋದ ಹಿಂದೆ ಹತ್ತಿದಳು.

ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಅದುರುವುದು ನಿಂತಿತ್ತು. ಕೆಲವು ಮಕ್ಕಳಿಗೆ ಜ್ವರ ಏರಿದಾಗ ಹೀಗಾಗುತ್ತದೆ, ಹೆದರಬೇಡಿ, ಮಗುವಿಗೆ ಏನೂ ಉಳಿಯುವುದಿಲ್ಲ ಎಂದರು ಅಲ್ಲಿನ ಡಾಕ್ಟರು. ಅವರು ಹೇಳಿದಂತೆಯೇ ಆಯಿತು. ಮರುದಿನ ಅಂಜಲಿ ವಾರ್ಡಿನ ಮಂಚದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಓಬವ್ವನ ಹತ್ತಿರ ಮಹಾದೇವಮ್ಮ ಬಂದು ನಿಂತಳು.

"ನಿನ್ ಮಂಡಕ್ಕಿ ಮಾರಾಕೆ ನನ್ ಮೊಮ್ಮಗೂನ ಬಲಿ ಕೊಡಾಕೆ ಹೊಂಟಿದ್ಯಲ್ಲೇ ಓಬವ್ವ," ಎಂದಳು. "ನೀನು ಸತ್ರೂ ನಿನ್ ಮುಖ ನೋಡಲ್ಲ."

ಓಬವ್ವ ಸೆರಗು ಕೊಡವಿಕೊಂಡು ಎದ್ದು, ನಡೆದುಕೊಂಡೇ ಮನೆಗೆ ಬಂದಳು.

ಮುಂದಿನ ಗುರುವಾರ ಜಗಲಿಗೆ ಒಬ್ಬರೂ ಬರಲಿಲ್ಲ. ಕಾವ್ಯಶ್ರೀ ಮತ್ತು ಓಬವ್ವ ಇಬ್ಬರೇ ಚಾಪೆಯ ಮೇಲೆ ಕೂತು ಓಣಿ ನೋಡಿದರು. ಬೇರೆ ಕಡೆ ನೋಡೋಣವೇ ಎಂದು ಪ್ರದೀಪ್ ಫೋನಿನಲ್ಲಿ ಕೇಳಿದಾಗ ಓಬವ್ವ, "ಕೊಟ್ಟ ಜಾಗ ಕೊಟ್ಟಾಯ್ತಲ್ಲಪ್ಪ, ಇನ್ನೇನು," ಎಂದಳು. ಆ ದಿನ ಅವಳು ಒಲೆ ಹಚ್ಚಿರಲಿಲ್ಲ. ಗಿರಾಕಿ ಇಲ್ಲವೆಂದು ಹಚ್ಚಿಲ್ಲ ಎಂದುಕೊಂಡಳು ಕಾವ್ಯಶ್ರೀ. ತಿಂಗಳು ಕಳೆಯುತ್ತ ಭಯ ಇಳಿದು ಜನ ಮತ್ತೆ ಬರತೊಡಗಿದರು. ಜಗಲಿ ತುಂಬಿತು. ಆದರೂ ಗುರುವಾರ ಅವಳ ಒಲೆ ಉರಿಯಲಿಲ್ಲ. "ಓಬವ್ವ, ಬಾಯಿ ಕೇಳ್ತೈತೆ ಕಣೇ," ಎಂದು ಯಾರಾದರೂ ರೇಗಿಸಿದರೆ, "ನಾಳೆ ಬಾರವ್ವ, ಬಿಸಿಬಿಸಿ ಹಾಕಿ ಕೊಡ್ತೀನಿ," ಎಂದು ನಗುತ್ತಿದ್ದಳು. ಕಾರಣ ಹೇಳಲಿಲ್ಲ. ಕೇಳುವವರೂ ಕ್ರಮೇಣ ಬಿಟ್ಟರು. ಎದುರು ಮನೆಯಿಂದ ಮಾತ್ರ ಅದೆಲ್ಲ ಚೆನ್ನಾಗಿ ಕಾಣುತ್ತಿತ್ತು.

*

ಕಾವ್ಯಶ್ರೀ ಡಬ್ಬಿ ಎತ್ತಿ ಹೆಗಲಿಗೆ ಹಾಕಿಕೊಂಡಳು. ಸ್ಕೂಟಿ ತಿರುಗಿಸುವಾಗ ಎದುರು ಮನೆಯ ಅಗುಳಿ ಸರಿಯಿತು. ಮಹಾದೇವಮ್ಮ ಹೊಸ್ತಿಲಲ್ಲಿ ನಿಂತಳು. ಮುಖ ಬಾತಿತ್ತು. ಅವಳು ಜಗಲಿಯ ಕಡೆ ನೋಡಲಿಲ್ಲ.

"ನರ್ಸಮ್ಮ, ಡಬ್ಬಿ ಈ ಕಡೆ ತರ್ರಿ."

ಮಂಜಣ್ಣ ಮುಂದೆ ಬಂದು, "ಮಾದೇವಕ್ಕ, ಎದುರಿಗೆ ಹೆಣ ಇಟ್ಕಂಡು ಎಳೆ ಕೂಸುಗಳನ್ನ..." ಎಂದ.

"ಬದುಕಿದ್ದಾಗ್ಲೇ ಆಯಮ್ಮ ಯಾರಿಗೂ ಏನೂ ಕೇಡು ಮಾಡ್ಲಿಲ್ಲ. ಈಗೇನು ಮಾಡ್ತಾಳೆ?" ಎಂದಳು ಮಹಾದೇವಮ್ಮ. "ಹಿತ್ಲ ಬಾಗ್ಲು ತೆಗ್ದೀನಿ. ಹಿಂದಿನ ಓಣಿಯಿಂದ ಬರ್ಲಿ. ಕೂಸುಗಳ ಕಣ್ಣಿಗೇನು ಬೀಳಲ್ಲ."

ಒಳಗೆ ಸೊಸೆ ಅನುಪಮಾ ಒಂಬತ್ತು ತಿಂಗಳ ಗಂಡುಕೂಸನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದಳು. ಕಾವ್ಯಶ್ರೀ ಒಳಗೆ ಬಂದು ಡಬ್ಬಿ ಇಡುತ್ತಲೇ ಅವಳು ತಡೆದುಕೊಳ್ಳಲಾರದೆ ಬಾಯಿಬಿಟ್ಟಳು.

"ಅತ್ತೆ, ಒಂದು ಮಾತು ಹೇಳ್ಬೇಕು. ಇವನಿಗೂ ಆಗ್ಲೇ ಚುಚ್ಚಿಸೀನಿ. ಓಬವ್ವನ ಜಗಲೀಲೇ. ನೀವು ಕೂಲಿಗೆ ಹೋದಾಗ."

ಮಹಾದೇವಮ್ಮ ಚಾಪೆ ಬಿಡಿಸುತ್ತಿದ್ದಳು. ಅದರ ಮಡಿಕೆಯನ್ನು ಕೈಯಲ್ಲಿ ಒತ್ತಿ ನೆಟ್ಟಗೆ ಮಾಡಿದಳು.

"ದಿನಾ ಎಣ್ಣೆ ಹಚ್ಚಿ ನೀರು ಹಾಕೋಳು ನಾನು. ತೊಡೆ ಮ್ಯಾಲಿನ ಗಂಟು ನನ್ ಕೈಗೆ ಸಿಗಲ್ಲ ಅಂದ್ಕಂಡ್ಯಾ?"

ಅನುಪಮಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ಗುರುವಾರ ಕೂಲಿ ಎಲ್ಲಿತ್ತೇ ನಂಗೆ? ಮನೇಲಿದ್ರೆ ನೀನು ಹೋಗಲ್ಲ ಅಂತ ಗುಡಿ ಕಟ್ಟೆ ಮ್ಯಾಲೆ ಹೋಗಿ ಕುಂದ್ರುತಿದ್ದೆ."

ಕಾವ್ಯಶ್ರೀ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಹೇಳಬೇಕೋ ಬೇಡವೋ ಎಂದು ಸ್ವಲ್ಪ ಯೋಚಿಸಿದಳು.

"ಓಬವ್ವಗೂ ಗೊತ್ತಿತ್ತು," ಎಂದಳು.

"ಏನು?"

"ನೀವು ಕಟ್ಟೆ ಮೇಲೆ ಕೂತಿರ್ತೀರಿ ಅಂತ."

ಮಹಾದೇವಮ್ಮ ತಿರುಗಿ ನೋಡಿದಳು. "ನಿಮ್ ಹತ್ರ ಅಂದ್ಲಾ?"

"ಅನುಪಮಾ ಬಂದ ದಿನ ಮಾತ್ರ ನನಗೆ ಅವಸರ ಮಾಡೋರು. ಬೇರೆಯವ್ರನ್ನೆಲ್ಲ ಹಿಂದೆ ಸರಿಸಿ ಅವಳನ್ನೇ ಮುಂದೆ ಕೂರ್ಸೋರು. ಆಯಮ್ಮ ಅಲ್ಲಿ ಬಿಸ್ಲಾಗೆ ಕುಂತವ್ಳೆ, ಬೇಗ ಬೇಗ ಮುಗ್ಸಿ ಕಳ್ಸಮ್ಮ ಅನ್ನೋರು."

ಮಹಾದೇವಮ್ಮ ಇನ್ನೊಂದು ಚಾಪೆ ತರಲು ಅಡಿಗೆಮನೆಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಅನುಪಮಾ ಅತ್ತ ಹೆಜ್ಜೆಯಿಟ್ಟವಳು ಮತ್ತೆ ನಿಂತಳು. ಹಿತ್ತಲ ಬಾಗಿಲಲ್ಲಿ ಮೊದಲನೆಯ ತಾಯಿ ಕೂಸಿನ ತಲೆಗೆ ಸೆರಗು ಮುಚ್ಚಿಕೊಂಡು ಇಣುಕಿದಳು.

*

ಬಾಗೂರಿನ ಪಾಪಣ್ಣ ಬಂದಾಗ ಬಿಸಿಲು ನೆತ್ತಿಗೆ ಏರಿತ್ತು. ಅಕ್ಕನ ಮುಂದೆ ಕುಕ್ಕರಿಸಿ, ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅತ್ತ. ಅಳು ನಿಂತ ಮೇಲೆ ಸುತ್ತ ನೋಡಿದ.

"ಇದೇನಪ್ಪ ಶಿವು, ಎದುರು ಮನೇಲಿ ಇಷ್ಟೊಂದು ಕೂಸುಗಳು ಅಳ್ತಾವೆ?"

"ಇವತ್ತು ಗುರುವಾರ ಮಾವ," ಎಂದ ಶಿವು.

ಪಾಪಣ್ಣನಿಗೆ ಅರ್ಥವಾಗಲಿಲ್ಲ. ಮಂಜಣ್ಣ ಬಿಡಿಸಿ ಹೇಳಿದ. ಪಾಪಣ್ಣ ಕೇಳಿಸಿಕೊಂಡು, "ನಮ್ಮಕ್ಕ ಒಂದಿನಾನೂ ಇದ್ನ ನಮಗೆ ಹೇಳ್ಲಿಲ್ಲ ನೋಡು," ಎಂದ. "ಊರಿಗೆ ಬಂದ್ರೆ ಬರೀ ಈರುಳ್ಳಿ ರೇಟು, ಎಣ್ಣೆ ರೇಟು."

"ಕೇಳೋರಿಗೆ ಅದೇ ಹೇಳೋಳು," ಎಂದ ಮಂಜಣ್ಣ.

ಕಿಟಕಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಬಿದಿರಿನ ಚಟ್ಟದ ಮೇಲೆ ಮಲಗಿಸಿ, ಹಗ್ಗ ಬಿಗಿದು, ನಾಲ್ವರು ಹೆಗಲು ಕೊಟ್ಟರು. ಮುಂದೆ ತಮಟೆಯವರು ನಿಂತರು. ಮಸೀದಿ ಓಣಿಯ ಹಿರಿಯರು ತಲೆಗೆ ಕರ್ಚೀಫು ಕಟ್ಟಿಕೊಂಡು ಹಿಂದೆ ಸೇರಿಕೊಂಡರು. ಓಣಿ ಕಿರಿದಾಗಿದ್ದರಿಂದ ಚಟ್ಟವನ್ನು ತಿರುಗಿಸಲು ಎದುರು ಮನೆಯ ಬಾಗಿಲಿನ ತನಕ ಬರಲೇಬೇಕಿತ್ತು. "ನಿಧಾನ, ನಿಧಾನ, ಬಲಕ್ಕೆ ಬರ್ರಿ," ಎಂದು ಮಂಜಣ್ಣ ಕೂಗುತ್ತಿದ್ದ.

ಒಳಗೆ ಕಲ್ಲು ಒಡೆಯುವವರ ಶೆಡ್ಡಿನಿಂದ ಬಂದ ತಾಯಿಯೊಬ್ಬಳ ಸರದಿ. ವಯಸ್ಸು ಚಿಕ್ಕದು, ಸೂಜಿ ಕಂಡರೆ ಅವಳೇ ನಡುಗುತ್ತಿದ್ದಳು. ಮಹಾದೇವಮ್ಮ ಅವಳ ಕೂಸನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ತೆರೆದಿದ್ದ ಮುಂಬಾಗಿಲಿಗೆ ಎದುರಾಗಿ ಕೂತಳು.

"ಅಲುಗಾಡದಂಗೆ ಹಿಡ್ಕೊಳ್ಳಿ ಅಜ್ಜಿ," ಎಂದಳು ಕಾವ್ಯಶ್ರೀ, ತೋಳನ್ನು ಒರೆಸುತ್ತ.

ಮಹಾದೇವಮ್ಮ ಒಂದು ಕೈಯಲ್ಲಿ ಕೂಸಿನ ಕಾಲುಗಳನ್ನೂ ಇನ್ನೊಂದರಲ್ಲಿ ಅದರ ಪುಟ್ಟ ತೋಳನ್ನೂ ಹಿಡಿದಳು. ತಮಟೆ ಬಾಗಿಲಿಗೇ ಬಡಿದಂತೆ ಕೇಳಿತು. ಕೂಸಿನ ಬಾಯಿ ತೆರೆದದ್ದು ಕಂಡಿತು, ಅಳು ಕೇಳಲಿಲ್ಲ. ಮಹಾದೇವಮ್ಮ ತಲೆ ಎತ್ತಿದಳು. ಹೊರಗಿನ ಬಿಸಿಲಲ್ಲಿ ಹಳದಿ ಹೂವಿನ ನಡುವೆ ಓಬವ್ವನ ಮುಖ ಬಾಗಿಲ ಈ ಬದಿಯಿಂದ ಆ ಬದಿಗೆ ನಿಧಾನವಾಗಿ ಸಾಗಿ ಹೋಯಿತು. ಮಹಾದೇವಮ್ಮ ಕಣ್ಣು ತೆಗೆಯಲಿಲ್ಲ. ಕೈ ಮುಗಿಯಲು ಅವಳಿಗೆ ಕೈ ಬಿಡುವಿರಲಿಲ್ಲ. ಕೂಸು ಬಿಡುವಾದ ತನ್ನ ಇನ್ನೊಂದು ಕೈಯಿಂದ ಅವಳ ಸೆರಗನ್ನು ಎಳೆದು, ಮುಷ್ಟಿಯಲ್ಲಿ ಹಿಡಿದು, ಬಾಯಿಗೆ ಇಟ್ಟುಕೊಂಡಿತು.