ಬಾಗಿಲಿಗೊಂದು ಹಸಿರು ರಿಬ್ಬನ್

"ಎಲ್ಲರೂ ಕಟ್ಟಿದಾರೆ, ನಿಮ್ಮದೊಂದೇ ಬಾಕಿ," ಎಂದು ನಿವೃತ್ತ ಟೀಚರು ಹಸಿರು ರಿಬ್ಬನ್ ಮುಂದೆ ಹಿಡಿದರು. "ಬಲವಂತ ಏನಿಲ್ಲಮ್ಮ. ಮನಸ್ಸಿದ್ರೆ ಮಾತ್ರ."

ಬಲವಂತವಿಲ್ಲದಿದ್ದರೆ ಬೆನ್ನ ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುವುದೇಕೆ ಎಂದು ಟೈಲರಮ್ಮನಿಗೆ ಅನುಮಾನ. ಭೂಮಿಯ ಕಾವು ಇಳಿಸಲು ಬೇಸಿಗೆಯಿಡೀ ಎಸಿ ಹಾಕುವುದಿಲ್ಲ ಎಂದು ಒಪ್ಪಿದ ಮನೆಯ ಬಾಗಿಲಿಗೆ ಆ ರಿಬ್ಬನ್.

"ನಮ್ಮತ್ತೆಗೆ ಉಬ್ಬಸ, ಸೆಕೆ ಆಗಲ್ಲ," ಎಂದಳು.

"ಎಲ್ಲರ ಮನೇಲೂ ಏನಾದ್ರೊಂದು ಇದ್ದೇ ಇರತ್ತಲ್ವಾ?" ಎಂದಿತು ಹಿಂದಿನಿಂದ ಒಂದು ದನಿ.

ಹೊಲಿಗೆಗೆ ಬಟ್ಟೆ ಕೊಡುವವರೆಲ್ಲ ಈ ಕಟ್ಟಡದವರೇ. ಕೆಲವು ದಿನಗಳಿಂದ ಅವರ ಸುಳಿವೇ ಇರಲಿಲ್ಲ. ನೀರಲ್ಲಿದ್ದುಕೊಂಡು ಮೊಸಳೆಯ ಜೊತೆ ಜಗಳವೇ? ಅವಳು ರಿಬ್ಬನ್ ಕಟ್ಟಿದಳು. ಸಂಜೆಗೇ ಪಕ್ಕದ ಮನೆಯಿಂದ ಫ್ರಾಕಿನ ಬಟ್ಟೆ ಬಂತು.

ಅಂದಿನಿಂದ ಅವಳ ಕಿವಿ ಗೋಡೆಗೇ ಅಂಟಿತು. ಈ ಸುಡುಬಿಸಿಲಲ್ಲಿ ಪಕ್ಕದವರು ಕಿಟಕಿ ಮುಚ್ಚುವುದೇಕೆ? ಮೇಲಿನ ಮನೆಯಿಂದ ನೀರು ತೊಟ್ಟಿಕ್ಕುವುದೇಕೆ? ಕೇಳಿದ್ದಕ್ಕೆ, "ಗಿಡಕ್ಕೆ ಹಾಕಿದ್ವಿ," ಎಂದರು. ಅವರ ಬಾಲ್ಕನಿಯಲ್ಲಿ ಗರಿಕೆಯೂ ಇರಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳು ಇಲ್ಲಿ ಇನ್ನೆಷ್ಟಿವೆಯೋ!

ಫ್ರಾಕ್ ಕೊಡಲು ಹೋದಾಗ ಪಕ್ಕದ ಬಾಗಿಲು ಅಂಗೈಯಗಲ ತೆರೆಯಿತು. ಸಂದಿಯಿಂದ ತಣ್ಣನೆ ಗಾಳಿ ಪಾದಕ್ಕೆ ತಾಗಿತು.

"ಏನು ಸೆಕೆ ಅಲ್ವಾ!" ಎಂದರು ಪಕ್ಕದಾಕೆ. ಮುಖದಲ್ಲಿ ಹನಿ ಬೆವರಿಲ್ಲ. ಆಕೆಯೂ, ಇವಳು ಆಗಷ್ಟೇ ಬೆವರು ಒರೆಸಿಕೊಂಡಿದ್ದ ಹಣೆಯನ್ನೇ ಅನುಮಾನದಿಂದ ದಿಟ್ಟಿಸುತ್ತಿದ್ದರು. "ನೀವು ಹೇಗೆ ತಡ್ಕೋತೀರೋ ಕಾಣೆ."

ಮನೆಗೆ ಬಂದರೆ ಅತ್ತೆ ಮಂಚದ ಮೇಲೆ ಎದ್ದು ಕೂತು, ಮೀನಿನಂತೆ ಬಾಯಿ ತೆರೆದು ಉಸಿರೆಳೆಯುತ್ತಿದ್ದರು.

"ನನ್ನ... ಜೀವಕ್ಕಿಂತ ಆ ದಾರ... ಹೆಚ್ಚಾಯ್ತೇನೆ?"

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಪರದೆ ಎಳೆದು, ಬಾಗಿಲಡಿಯ ಸಂದಿಗೆ ಚಿಂದಿ ಬಟ್ಟೆ ತುರುಕಿ, ಎಸಿ ಹಾಕಿದಳು. ಅತ್ತೆಯ ಉಸಿರು ಹದಕ್ಕೆ ಬರುತ್ತಿರುವಾಗಲೇ ಯಾರೋ ಬಾಗಿಲು ತಟ್ಟಿದರು. ಕಿಂಡಿಯಲ್ಲಿ ನೋಡಿದರೆ ಟೀಚರು! ರಿಮೋಟಿಗೆ ಕೈ ಹಾಕಿದಳು.

"ಆರಿಸ್ಬೇಡ," ಎಂದರು ಅತ್ತೆ.

ಗಿರಾಕಿಗಳ ಆಸೆ ಬಿಟ್ಟೇ ಬಾಗಿಲು ತೆರೆದಳು. ಟೀಚರ ಮುಖ ಕೆಂಪಗೆ ಕಾದಿತ್ತು, ಉಟ್ಟ ಬಟ್ಟೆ ಮೈಗೆ ಅಂಟಿತ್ತು. ತಂಪು ತಾಗಿದ್ದೇ ಅವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.

"ಅತ್ತೆಗೆ ತುಂಬಾ..." ಎಂದು ಇವಳು ತೊದಲಿದಳು.

ಟೀಚರು ಕಾರಿಡಾರಿನ ಎರಡೂ ಕಡೆ ನೋಡಿದರು. ಒಳಗೆ ಬಂದು ತಾವೇ ಚಿಲಕ ಹಾಕಿದರು. ಸರಿದಿದ್ದ ಚಿಂದಿಯನ್ನು ಕಾಲಿನಿಂದ ಸಂದಿಗೆ ಒತ್ತಿದರು.

ಮಂಚದ ಮೇಲೆ ಅತ್ತೆ ಗೋಡೆಯ ಕಡೆ ಸರಿದು ಅವರಿಗೆ ಜಾಗ ಬಿಟ್ಟರು.