ಮಡಚದ ಕಾಲಿಗೊಂದು ಸೀಟು

ಕವನಾಗೆ ಏಳು ತಿಂಗಳು ತುಂಬುವ ಹೊತ್ತಿಗೆ ಲಕ್ನೋದ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡಿ ಎಂದುಬಿಟ್ಟರು. ಮಾಸು ಕೆಳಗೆ ಕೂತಿದೆ, ಪ್ರಯಾಣವಂತೂ ಕೂಡದು ಎಂದರು. ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳು ಅಲ್ಲಿಯ ಬ್ಯಾಂಕ್ ಕ್ವಾರ್ಟರ್ಸಿನಲ್ಲೇ ಉಳಿದಳು. ಮಗಳು ಬರಲಾಗದಿದ್ದರೆ ತಾಯಿ ಹೋಗಬೇಕು. ಹೆಗ್ಗನಹಳ್ಳಿಯ ಮನೆಯಲ್ಲಿ ಪುಟ್ಟಲಕ್ಷ್ಮಿ ಸುದ್ದಿ ಕೇಳಿ ತನ್ನ ಎಡಗಾಲನ್ನೇ ನೋಡುತ್ತಾ ಕೂತಳು.

ಆ ಕಾಲು ಮಡಚುತ್ತಿರಲಿಲ್ಲ. ಆರು ವರ್ಷದ ಹಿಂದೆ ಸುಂಕದಕಟ್ಟೆಯ ತಿರುವಿನಲ್ಲಿ ಆಟೋ ಮಗುಚಿ ಮಂಡಿ ಪುಡಿಯಾಗಿತ್ತು. ಆಪರೇಷನ್ ಆಯಿತು, ಕೀವು ಕಟ್ಟಿತು, ಮತ್ತೆ ಆಪರೇಷನ್ ಆಯಿತು. ಕೊನೆಗೆ ಡಾಕ್ಟರು ಮಂಡಿಯನ್ನೇ ತೆಗೆದು, ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ರಾಡು ಕೂರಿಸಿ ಒಂದು ಮಾಡಿದರು. ನೋವು ಹೋಯಿತು, ಜೊತೆಗೆ ಮಡಚುವುದೂ ಹೋಯಿತು. ನಡೆಯುವುದಕ್ಕೇನೂ ತೊಂದರೆಯಿರಲಿಲ್ಲ. ಹಿಂದೆ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಎದ್ದಿರುವ ಬಾಡಿಗೆ ಮನೆಗಳ ಮೂರು ಅಂತಸ್ತನ್ನೂ ಅವಳು ಅಡ್ಡ ತಿರುಗಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ನೋಡಿಕೊಂಡು ಬರುತ್ತಿದ್ದಳು. ಕಷ್ಟವಾಗುತ್ತಿದ್ದದ್ದು ಕೂರುವುದು. ಬಸ್ಸಿನಲ್ಲಿ, ಥಿಯೇಟರಿನಲ್ಲಿ, ಛತ್ರದ ಊಟದ ಸಾಲಿನಲ್ಲಿ, ಎಲ್ಲಿ ಕೂತರೂ ಆ ಕಾಲು ಯಾರಿಗಾದರೂ ಅಡ್ಡ ಬರುತ್ತಿತ್ತು.

ಅವಳು ವಿಮಾನ ಹತ್ತಿದ್ದು ಒಂದೇ ಸಲ, ಮೂರು ವರ್ಷದ ಹಿಂದೆ, ಕವನಾಳ ಮದುವೆಗೆ. ಹುಡುಗ ಕವನಾ ಕೆಲಸ ಮಾಡುವ ಬ್ಯಾಂಕಿನಲ್ಲೇ ಇದ್ದ ಲಕ್ನೋದವನು. ನೆಂಟರೆಲ್ಲ ಒಟ್ಟಿಗೆ ಹೊರಟಿದ್ದರು. ಯಾರ ಟಿಕೆಟ್ಟು ಯಾರ ಕೈಗೆ ಬಂತೋ, ಅವಳಿಗೆ ಸಿಕ್ಕಿದ್ದು ಹಿಂದಿನ ಸಾಲಿನ ನಡು ಸೀಟು. ಎಡಗಾಲನ್ನು ಪಕ್ಕದವರ ಕಾಲ ಮೇಲೆ ಓರೆಯಾಗಿ ಚಾಚಿ, ಸೊಂಟ ತಿರುಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಹೋಗಿ, ಇಳಿಯುವವರೆಗೂ ಬಹುಪಾಲು ಸಮಯ ಟಾಯ್ಲೆಟ್ಟಿನ ಹತ್ತಿರ ನಿಂತೇ ಇದ್ದಳು. ಹಿಂದಿರುಗುವಾಗಲೂ ಹಾಗೇ ಆಯಿತು. ಮದುವೆಯ ಎರಡೂ ದಿನ ಕಾಲು ಬಾತುಕೊಂಡು ಉರಿಯುತ್ತಿತ್ತು. ರೇಷ್ಮೆ ಸೀರೆಯ ನೆರಿಗೆಯಡಿ ಅದು ಯಾರಿಗೂ ಕಾಣಲಿಲ್ಲ, ಅವಳೂ ಯಾರಿಗೂ ಹೇಳಲಿಲ್ಲ.

ಆಮೇಲೆ ಕವನಾ ಎಷ್ಟು ಸಲ ಕರೆದರೂ ಪುಟ್ಟಲಕ್ಷ್ಮಿ ಹೋಗಲಿಲ್ಲ. "ಕಾಲು ಕಣೇ" ಅನ್ನುತ್ತಿದ್ದಳು. ಈ ಸಲ ಕವನಾ ಮಲಗಿದಲ್ಲಿಂದಲೇ ಫೋನಿನಲ್ಲಿ ಅಂದೇಬಿಟ್ಟಳು.

"ಕಾಲು ನೆಪ ಅಮ್ಮ. ಇದೇ ಕಾಲಲ್ಲಿ ಮದ್ವೆಗೆ ಬಂದಿದ್ಯಲ್ಲ? ನಾನು ಇವರನ್ನ ಮದ್ವೆ ಆಗಿದ್ದು ನಿನಗೆ ಇವತ್ತಿಗೂ ಇಷ್ಟ ಇಲ್ಲ. ಬರದೇ ಇದ್ರೆ ಬೇಡ ಬಿಡು. ಅತ್ತೆ ನೋಡ್ಕೋತಾರೆ."

"ನಿಮ್ಮತ್ತೆಗೆ ಬಾಣಂತನ ಮಾಡೋಕೆ ಬರುತ್ತಾ?" ಎಂದಳು ಪುಟ್ಟಲಕ್ಷ್ಮಿ. "ಮಗೂನ ಕಾಲ ಮೇಲೆ ಹಾಕ್ಕೊಂಡು ನೀರು ಹಾಕೋಕೆ ನೀಟಾಗಿ ಚಾಚಿರೋ ಕಾಲು ಬೇಕು. ನಂದು ಯಾವಾಗಲೂ ಚಾಚಿಕೊಂಡೇ ಇರುತ್ತೆ. ಬರ್ತೀನಿ."

ಕವನಾ ನಗಲಿಲ್ಲ. "ನೋಡೋಣ" ಅಂದು ಫೋನಿಟ್ಟಳು.

ಟ್ರೇನಿನಲ್ಲಾದರೆ ಮಲಗಿಕೊಂಡು ಹೋಗಬಹುದಿತ್ತು. ಆದರೆ ಮುಂದಿನ ತಿಂಗಳವರೆಗೂ ಸೀಟಿರಲಿಲ್ಲ. ಹಾಗಾಗಿ ಮಗ ಮಧುಕುಮಾರ್ ವಿಮಾನ ಹುಡುಕಲು ಕೂತ. ಅವನಿಗೆ ಕಾಮಾಕ್ಷಿಪಾಳ್ಯದಲ್ಲಿ ಅಲ್ಯೂಮಿನಿಯಂ ಕಿಟಕಿ, ಬಾಗಿಲು ಮಾಡುವ ಶೆಡ್ಡಿತ್ತು. ಅಳತೆ ಹಿಡಿಯದೆ ಯಾವ ಕೆಲಸಕ್ಕೂ ಕೈಹಾಕುವವನಲ್ಲ. ಲಕ್ನೋಗೆ ನೇರವಾಗಿ ಹೋಗುವ ಎರಡು ವಿಮಾನಗಳು ಕಂಡವು. 'ಶೀಘ್ರ ಏರ್'ನಲ್ಲಿ ದರ ಕಡಿಮೆ, ಆದರೆ ಒಂದು ಸೀಟಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತೆಂಟೇ ಇಂಚು. ಬಸ್ಸಿನಲ್ಲಿ ಹೋಗಿ ಏಣಿ ಹತ್ತಬೇಕು. 'ಹಂಸ ಏರ್'ನಲ್ಲಿ ಮೂವತ್ತೊಂದು ಇಂಚು, ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ನಡೆದುಹೋಗುವ ಸೇತುವೆ. ಮೂರನೆಯದೂ ಒಂದಿತ್ತು, ದೊಡ್ಡ ವಿಮಾನ, ಅಗಲ ಸೀಟು, ಆದರೆ ದೆಹಲಿಯಲ್ಲಿ ಇಳಿದು ಹತ್ತಬೇಕು.

"ಒಂದು ಸಲ ಹತ್ತಿ ಇಳಿಯೋದೇ ಸಾಕು," ಎಂದಳು ಪುಟ್ಟಲಕ್ಷ್ಮಿ.

ಮಧು ಹಂಸ ಏರ್ ಎಂದು ತೀರ್ಮಾನಿಸಿದ. ಅದರಲ್ಲೂ ತುರ್ತು ಬಾಗಿಲಿನ ಪಕ್ಕದ ಸಾಲು ಎಲ್ಲಕ್ಕಿಂತ ವಿಶಾಲ, ಅಲ್ಲೇ ಕೂರಿಸಬೇಕು ಎಂದು ಆಸೆಪಟ್ಟ. ವಿಜಯನಗರದಲ್ಲಿ ಟ್ರಾವೆಲ್ಸ್ ನಡೆಸುವ ರಾಜೇಂದ್ರ ಅವನ ಪರಿಚಯದವನು. ಅವನಿಗೆ ಫೋನು ಮಾಡಿ ಆ ಸೀಟು ಹಿಡಿಯಲು ಹೇಳಿದ.

"ಆ ಸಾಲು ಬೇಡ ಮಧು," ಎಂದ ರಾಜೇಂದ್ರ. "ಏನಾದ್ರೂ ಆದ್ರೆ ಅಲ್ಲಿ ಕೂತವರೇ ಬಾಗಿಲು ತೆಗೀಬೇಕು. ಕಾಲಿಗೆ ತೊಂದರೆ ಇರೋರನ್ನ ಅಲ್ಲಿ ಕೂರಿಸಲ್ಲ. ಏರ್‌ಪೋರ್ಟಲ್ಲಿ ಎಬ್ಬಿಸಿ ಎಲ್ಲೋ ಹಾಕ್ತಾರೆ. ಫಸ್ಟ್ ರೋ ಮಾಡ್ಲಾ?"

ಮಧು ತಕ್ಷಣ ಹೂಂ ಅನ್ನಲಿಲ್ಲ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿಟ್ಟು, ಟೇಪು ಹಿಡಿದು ಮೂವತ್ತೊಂದು ಇಂಚು ಬಿಟ್ಟು ಇನ್ನೊಂದು ಸಾಲು ಇಟ್ಟ. ನಡುವೆ ಓಡಾಡುವ ದಾರಿ ಬಿಟ್ಟು, ಆಚೆ ಕಡೆಗೂ ಹಾಗೇ ಜೋಡಿಸಿದ. ವಿಮಾನದ ಮೊದಲ ಸಾಲಿನ ಮುಂದೆ ಅಡ್ಡಗೋಡೆ ಇರುತ್ತದೆಂದು ಮೊದಲು ಅಮ್ಮನನ್ನು ಗೋಡೆಗೆ ಎದುರಾಗಿ ಕೂರಿಸಿದ. ಎಡ ಹಿಮ್ಮಡಿ ಗೋಡೆಗೆ ತಾಗಿ, ಬೆನ್ನು ಕುರ್ಚಿಗೆ ಆನದೆ ಅವಳು ಮುಂದಕ್ಕೆ ಜಾರಿದಳು. ಮೊದಲ ಸಾಲು ಆಗುವುದಿಲ್ಲವೆಂದು ಗೊತ್ತಾಯಿತು.

"ದಾರಿ ಪಕ್ಕ ಕೂರಿಸು," ಎಂದಳು ಅವಳು.

ಎಡಗಡೆ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಳು. ದಾರಿ ಬಲಕ್ಕಿತ್ತು. ಎಡಗಾಲು ಮತ್ತೆ ಪಕ್ಕದ ಕುರ್ಚಿಯ ಕಾಲಿಗೇ ಸಿಕ್ಕಿಕೊಂಡಿತು. ಎದ್ದು ದಾರಿಯ ಆಚೆ ಕಡೆ ಹೋಗಿ, ಬಲಗಡೆ ಸಾಲಿನ ಮೊದಲ ಕುರ್ಚಿಯಲ್ಲಿ ಕೂತಳು. ಈಗ ದಾರಿ ಎಡಕ್ಕೆ ಬಂತು. ಕಾಲನ್ನು ಸ್ವಲ್ಪ ಓರೆ ಮಾಡಿ ದಾರಿಯ ಅಂಚಿಗೆ ಚಾಚಿದಳು. ಬೆನ್ನು ಪೂರ್ತಿ ಆತುಕೊಂಡಿತು.

"ಇದೇ ಕಣೋ," ಎಂದಳು. ಕಿಟಕಿಯಿಂದ ಇಣುಕುತ್ತಿದ್ದ ಬಾಡಿಗೆ ಮನೆಯ ಗುರುದೇವಿ, "ಏನ್ರೀ ಅಮ್ಮಾರ, ಮನ್ಯಾಗ ಬಸ್ ಬಿಡಾಕತ್ತೀರೇನು?" ಎಂದು ನಕ್ಕಳು.

ವಿಮಾನದಲ್ಲಿ ಆ ಜಾಗಕ್ಕೆ ಡಿ ಎಂದು ಹೆಸರು. ರಾಜೇಂದ್ರ ಐದನೇ ಸಾಲಿನ ಡಿ ಹಿಡಿದ. ಗಾಲಿಕುರ್ಚಿಗೂ ಹೇಳಿಟ್ಟ. ಅದಕ್ಕೆ ಮಾತ್ರ ಪುಟ್ಟಲಕ್ಷ್ಮಿ ಮುಖ ಗಂಟಿಕ್ಕಿದಳು.

"ನಾನೇನು ಕಾಯಿಲೆಯವಳಾ?"

"ಅಲ್ಲಮ್ಮ, ಚೆಕಿಂಗ್ ಎಲ್ಲ ದಾಟೋಕೆ ತುಂಬಾ ನಡೀಬೇಕು. ಗೇಟ್‌ವರೆಗೂ ಕೂತ್ಕೋ. ಆಮೇಲೆ ನಡ್ಕೊಂಡು ಹೋಗು," ಎಂದು ಮಧು ಸಮಾಧಾನ ಮಾಡಿದ. ಒಂದು ಅಪಾರ್ಟ್‌ಮೆಂಟಿಗೆ ಕಿಟಕಿ ಕೂರಿಸಿ ಮುಗಿಸುವ ಒಪ್ಪಂದವಿದ್ದುದರಿಂದ ಅವನು ಜೊತೆಗೆ ಹೋಗುವಂತಿರಲಿಲ್ಲ. ಅದು ಅವನನ್ನು ಕೊರೆಯುತ್ತಿತ್ತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮೆಂತ್ಯದ ಹಿಟ್ಟು, ಸುಕ್ಕಿನ ಪುಡಿ, ಅಂಟಿನುಂಡೆ ತುಂಬಿದ್ದ ಪೆಟ್ಟಿಗೆಯನ್ನು ಗಾಲಿಕುರ್ಚಿ ತಳ್ಳುವವನಿಗೆ ಒಪ್ಪಿಸಿ, ಗಾಜಿನಾಚೆ ಅವಳು ಮರೆಯಾಗುವವರೆಗೂ ನಿಂತಿದ್ದ.

ಗೇಟಿನ ಹತ್ತಿರ ಹಂಸ ಏರ್‌ನ ಹುಡುಗಿ ಬಂದು, "ಅಮ್ಮಾ, ವೀಲ್‌ಚೇರ್‌ನವರು ಫಸ್ಟ್ ಬೋರ್ಡಿಂಗ್, ಬನ್ನಿ," ಎಂದಳು.

"ಬೇಡಮ್ಮ, ನಾನು ಎಲ್ಲರೂ ಆದ್ಮೇಲೆ ಹತ್ತುತ್ತೀನಿ."

"ಯಾಕಮ್ಮ? ಮೊದಲು ಹೋದ್ರೆ ಆರಾಮಾಗಿ ಕೂತ್ಕೋಬಹುದಲ್ಲ?"

"ನಾನು ಮೊದಲು ಹೋಗಿ ಕಾಲು ಚಾಚಿದ್ರೆ ಹಿಂದೆ ಬರೋರೆಲ್ಲ ಬ್ಯಾಗ್ ಎಳ್ಕೊಂಡು ಅದನ್ನ ದಾಟಬೇಕು. ಒಳಗಡೆ ಸೀಟಿನವರು ಬಂದಾಗೆಲ್ಲ ನಾನು ಏಳಬೇಕು. ಎಲ್ಲರೂ ಕೂತ ಮೇಲೆ ಹೋದ್ರೆ ಯಾರಿಗೂ ತೊಂದರೆ ಇಲ್ಲ."

ಹುಡುಗಿ ಒಂದು ಕ್ಷಣ ಯೋಚಿಸಿ, "ಸರಿ, ಹಾಗೇ ಮಾಡೋಣ," ಎಂದಳು. ಆಮೇಲೆ ಕೈಯಲ್ಲಿದ್ದ ಪಾಸು ನೋಡಿ ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ವಿಮಾನ ಬದಲಾಗಿತ್ತು. ಬರಬೇಕಾಗಿದ್ದ ವಿಮಾನ ಬೇರೆಲ್ಲೋ ನಿಂತುಹೋಗಿ, ಇನ್ನೊಂದನ್ನು ಕಳಿಸಿದ್ದರು. ಸೀಟುಗಳೆಲ್ಲ ಅದಲುಬದಲಾಗಿದ್ದವು. ಪುಟ್ಟಲಕ್ಷ್ಮಿಗೆ ಬಂದದ್ದು ಹನ್ನೊಂದು ಸಿ.

"ಇದೂ ದಾರಿ ಪಕ್ಕದ್ದೇ ಅಮ್ಮ, ತೊಂದರೆ ಇಲ್ಲ."

"ಇದೆ. ದಾರಿ ಬಲಕ್ಕೆ ಬರುತ್ತೆ. ನನ್ನದು ಎಡಗಾಲು."

"ಫುಲ್ ಆಗಿದೆ ಅಮ್ಮ. ಒಳಗೆ ಕೇಳಿ, ಯಾರಾದ್ರೂ ಬಿಟ್ಟುಕೊಡ್ತಾರೆ."

ಕೊನೆಯವಳಾಗಿ ಪುಟ್ಟಲಕ್ಷ್ಮಿ ಒಳಗೆ ಹೋದಳು. ಹನ್ನೊಂದು ಸಿ ಖಾಲಿ ಇತ್ತು. ದಾರಿಯಾಚೆಯ ಡಿಯಲ್ಲಿ ಒಬ್ಬ ಗಂಡಸು, ಅವನ ಪಕ್ಕ ಹೆಂಡತಿ, ಮಡಿಲಲ್ಲಿ ನಿದ್ದೆ ಹೋದ ಕೂಸು. ಅವರನ್ನು ಬೇರೆ ಮಾಡಲು ಅವಳಿಗೆ ಮನಸ್ಸಾಗಲಿಲ್ಲ. ಗಗನಸಖಿ ಬಂದು ಇಂಗ್ಲಿಷಿನಲ್ಲಿ ಕೂರಲು ಹೇಳಿದಳು. ಬಾಗಿಲು ಹಾಕಬೇಕು, ಹೊತ್ತಾಯಿತು ಎಂಬುದು ಭಾಷೆ ಬಾರದಿದ್ದರೂ ಅರ್ಥವಾಯಿತು. ಇನ್ನೂರು ಕಣ್ಣು ತನ್ನ ಮೇಲಿದ್ದಂತೆ ಅನಿಸಿ ಪುಟ್ಟಲಕ್ಷ್ಮಿಯ ಮುಖ ಬಿಸಿಯಾಯಿತು. ಹೇಗೋ ಕೂತುಬಿಡೋಣ, ಆಮೇಲೆ ಎದ್ದು ಹಿಂದೆ ಹೋಗಿ ನಿಂತರಾಯಿತು ಎಂದು ಸೀಟಿನ ಬೆನ್ನು ಹಿಡಿದು ಬಗ್ಗಿದಳು ಕೂಡ.

ಆದರೆ ಬಗ್ಗಿದವಳು ಹಾಗೇ ನೆಟ್ಟಗಾದಳು. ಇಳಿದ ಮೇಲೆ ಮಲಗಿರುವ ಮಗಳನ್ನು ಎಬ್ಬಿಸಿ ಕೂರಿಸಬೇಕು, ಅಡಿಗೆಮನೆಯಲ್ಲಿ ನಿಲ್ಲಬೇಕು. ಬಾತ ಕಾಲಿನಲ್ಲಿ ಹೋಗಿ ತಾನೇ ಮಲಗಿಬಿಟ್ಟರೆ ಹೋಗಿದ್ದೇ ದಂಡ.

"ನಾನಿಲ್ಲಿ ಕೂರೋಕಾಗಲ್ಲ ಕಣಮ್ಮ," ಎಂದು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದಳು. ಸೀರೆಯ ಮೇಲಿಂದಲೇ ಕಾಲನ್ನು ತಟ್ಟಿ ತೋರಿಸಿದಳು. "ಈ ಕಾಲು ಮಡಚಲ್ಲ. ಆ ಕಡೆ ದಾರಿ ಪಕ್ಕದ ಸೀಟು ಬೇಕು. ಯಾರಾದ್ರೂ ಈ ಕಡೆ ಬರ್ತೀರಾ? ಇದೂ ದಾರಿ ಪಕ್ಕದ್ದೇ. ನಿಮಗೇನೂ ಕಮ್ಮಿ ಆಗಲ್ಲ."

ಯಾರೂ ಅಲ್ಲಾಡಲಿಲ್ಲ. ಗಗನಸಖಿ ಮತ್ತೆ ಏನೋ ಹೇಳಿದಳು. ಪುಟ್ಟಲಕ್ಷ್ಮಿ ತಲೆಯಾಡಿಸಿ ನಿಂತೇ ಇದ್ದಳು. ಹಿಂದಿನಿಂದ ಯಾರೋ ಗೊಣಗಿದರು. ಅವಳು ಹಿಡಿದ ಸೀಟು ಬಿಡಲಿಲ್ಲ.

ಒಂಬತ್ತನೇ ಸಾಲಿನ ಡಿಯಿಂದ ಕನ್ನಡಕ ಹಾಕಿದ್ದ ಹೆಂಗಸೊಬ್ಬಳು ಎದ್ದಳು. "ಬನ್ನಿ ಆಂಟಿ, ಇಲ್ಲಿ ಕೂತ್ಕೊಳ್ಳಿ. ನಂಗೆ ಹೆಡ್‌ಫೋನಲ್ಲಿ ನೀವು ಹೇಳಿದ್ದು ಕೇಳಿಸ್ಲಿಲ್ಲ, ಸಾರಿ. ನೀವು ನಿಂತೇ ಇದ್ದಿದ್ದು ನೋಡಿ ಏನು ಅಂತ ಕೇಳ್ದೆ, ಇವರು ಹೇಳಿದ್ರು," ಎಂದು ಪಕ್ಕದವರನ್ನು ತೋರಿಸಿ, ತನ್ನ ಚೀಲ ಎತ್ತಿಕೊಂಡು ಹನ್ನೊಂದು ಸಿಗೆ ಬಂದಳು.

ಪುಟ್ಟಲಕ್ಷ್ಮಿ ಕೂತಳು. ಬೆನ್ನು ಆತುಕೊಂಡಿತು. ವಿಮಾನ ಏರುವಾಗಲೂ ಇಳಿಯುವಾಗಲೂ ಕಾಲನ್ನು ಎಷ್ಟು ಸಾಧ್ಯವೋ ಅಷ್ಟು ಒಳಕ್ಕೆ ಎಳೆದುಕೊಂಡಳು. ಊಟದ ಗಾಡಿ ಬಂದಾಗ ಎದ್ದು ನಿಂತಳು. ಉಳಿದಷ್ಟು ಹೊತ್ತು ದಾರಿಗೆ ಚಾಚಿಕೊಂಡಿದ್ದಳು. ಟಾಯ್ಲೆಟ್ಟಿಗೆ ಹೋಗುವವರು ಸುಮ್ಮನೆ ದಾಟಿಕೊಂಡು ಹೋದರು. ಅರ್ಧ ದಾರಿಯಲ್ಲಿ ಅವಳಿಗೆ ನಿದ್ದೆಯೂ ಬಂತು.

ಲಕ್ನೋದಲ್ಲಿ ಅಳಿಯ ಕಾರು ತಂದಿದ್ದ. ಮುಂದಿನ ಸೀಟನ್ನು ಹಿಂದಕ್ಕೆ ಪೂರ್ತಿ ಸರಿಸಿಟ್ಟಿದ್ದ. ಅವರಿಬ್ಬರ ನಡುವೆ ಮಾತಿಗೆ ಹೆಚ್ಚು ಭಾಷೆಯಿರಲಿಲ್ಲ. "ಆರಾಮ?" ಎಂದು ಅವನು ಇಬ್ಬರಿಗೂ ಗೊತ್ತಿದ್ದ ಪದದಲ್ಲಿ ಕೇಳಿದ. "ಆರಾಮ," ಎಂದಳು ಅವಳು, ಅದು ನಿಜವೂ ಆಗಿತ್ತು.

ಕವನಾ ಎಡಮಗ್ಗುಲಾಗಿ ಮಲಗಿದ್ದಳು. ಅಮ್ಮ ನಡೆದು ಒಳಗೆ ಬಂದದ್ದನ್ನು ನೋಡಿ ಅವಳು ಮೊದಲು ಕೇಳಿದ್ದು, "ಏನೂ ತೊಂದರೆ ಆಗ್ಲಿಲ್ವಾ?"

ಪುಟ್ಟಲಕ್ಷ್ಮಿ ಮಂಚದ ಅಂಚಿನಲ್ಲಿ ಕೂತು, ಸೀಟು ಬದಲಾದದ್ದು, ತಾನು ಕೂರದೆ ಹಠ ಹಿಡಿದದ್ದು, ಎಲ್ಲ ಹೇಳಿದಳು. ಮಾತು ಮದುವೆಯ ಪ್ರಯಾಣಕ್ಕೂ ಹೋಯಿತು. ಟಾಯ್ಲೆಟ್ಟಿನ ಪಕ್ಕ ನಿಂತು ಬಂದದ್ದನ್ನು, ಧಾರೆಯ ಹೊತ್ತಿಗೆ ಕಾಲು ದಿಂಡಿನಂತಾಗಿದ್ದನ್ನು ಹೇಳಿದಾಗ ಕವನಾ ಮೊಣಕೈ ಊರಿ ಅರ್ಧ ಎದ್ದಳು.

"ಏಳಬೇಡ, ಮಲಕ್ಕೋ."

"ಮೂರು ವರ್ಷ ಅಮ್ಮ. ನಿನಗೆ ಇವರು ಇಷ್ಟ ಇಲ್ಲ ಅಂತ ಮೂರು ವರ್ಷ ಅಂದ್ಕೊಂಡಿದೀನಿ. ಅವತ್ತೇ ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನೀನು ಕರೆಯೋದನ್ನೇ ಬಿಟ್ಟುಬಿಡ್ತಿದ್ದೆ," ಎಂದಳು ಪುಟ್ಟಲಕ್ಷ್ಮಿ. "ಅಮ್ಮಂಗೆ ಕಷ್ಟ ಆಗುತ್ತೆ ಅಂತ. ಬರೋಕಾಗದೇ ಇದ್ರೂ ನೀನು ಕರೀತಿದ್ಯಲ್ಲ, ಅದು ನನಗೆ ಬೇಕಿತ್ತು."

ಕವನಾ ಮುಖ ಆ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ, ಅಡಿಗೆಯವಳು ಸಾರಿಗೆ ಸಕ್ಕರೆ ಹಾಕುತ್ತಾಳೆ, ತಿನ್ನೋಕಾಗ್ತಿಲ್ಲ ಎಂದು ದೂರಿದಳು. ಪುಟ್ಟಲಕ್ಷ್ಮಿ ಎದ್ದು ಅಡಿಗೆಮನೆ ಎಲ್ಲಿದೆ ಎಂದು ನೋಡಲು ಹೋದಳು. ಕಟ್ಟೆ ಎತ್ತರವಾಗಿತ್ತು, ನಿಂತು ಕೆಲಸ ಮಾಡಲು ಅನುಕೂಲವಾಗಿತ್ತು. ತೊಗರಿಬೇಳೆ ಡಬ್ಬ ಹುಡುಕಿ ತೆಗೆದು, ಕುಕ್ಕರಿಗೆ ನೀರು ಹಾಕಿದಳು.